ಆನೆ ಗುಂಪೇ ವಾಸಿ: ಗಾಮಾ ಸ್ಫೋಟದ ಸುದ್ದಿ ಕೊಡುವ ಒಂದು ಆ್ಯಪ್

ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕಣದ ಮೂಲೆಯಲ್ಲಿ ಎಂಟು ಇಂಚಿನ ಟೆಲಿಸ್ಕೋಪ್ ಇಟ್ಟುಕೊಂಡಿದ್ದೇನೆ. ದೂರದ ಗೆಲಾಕ್ಸಿಯಲ್ಲಿ ದೊಡ್ಡ ನಕ್ಷತ್ರ ಕುಸಿದು ಗಾಮಾ ಕಿರಣ ಸಿಡಿದರೆ ಕೂಡಲೇ ಫೋನಿಗೆ ತಿಳಿಸುವ ಆ್ಯಪ್ ಒಂದನ್ನು ನವೆಂಬರ್‌ನಲ್ಲಿ ಹಾಕಿಕೊಂಡೆ. ಹೆಸರು ಬೇಡ ಬಿಡಿ. ನಾಸಾದ ಜಿಸಿಎನ್ ಜಾಲ ಬಿಟ್ಟಿಯಾಗಿ ಹಂಚುವ ಸೂಚನೆಗಳನ್ನೇ ಇದು ದಾಟಿಸುತ್ತದೆ.

ವೇಗಕ್ಕೆ ಪೂರ್ತಿ ಅಂಕ. ತೊಂದರೆ ಇರುವುದು ಅದು ಕೂಗುವ ರೀತಿಯಲ್ಲಿ.

ಜನವರಿಯ ಒಂದು ರಾತ್ರಿ. ಹಗಲೆಲ್ಲ ಕಾಫಿ ಕೊಯ್ಲು, ಮೈಕೈ ನೋವು. ಎರಡು ಗಂಟೆಗೆ ಸೈರನ್. ಸ್ವೆಟರ್ ಏರಿಸಿ ಟಾರ್ಚ್ ಹಿಡಿದು ಹೊರಟರೆ, "ಆನೆ ಬಂತಾ?" ಅಂದಳು ಹೆಂಡತಿ. ಆನೆಯೂ ಇಲ್ಲ, ಸ್ಫೋಟವೂ ಇಲ್ಲ. ಬೆಳಿಗ್ಗೆ ಮೂಲ ಸೂಚನೆ ತೆರೆದು ನೋಡಿದೆ. ಸೌರ ಜ್ವಾಲೆಯಂತೆ! ನಮಗೆ ನಡುರಾತ್ರಿ ಸರಿ, ಆದರೆ ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತ ಗಾಮಾ ಕಿರಣ ಹುಡುಕುವ ಫರ್ಮಿ ಉಪಗ್ರಹಕ್ಕೆ ಆಗ ಬಿಸಿಲು.

ಉಪಗ್ರಹವನ್ನು ಬೈಯಲಾರೆ. ಸ್ಫೋಟ ಪತ್ತೆಹಚ್ಚುವ ಫರ್ಮಿಯ ಜಿಬಿಎಂ ಉಪಕರಣದಲ್ಲಿ 14 ಡಿಟೆಕ್ಟರ್‌ಗಳಿವೆ. ಅವಕ್ಕೆ ಬೀಳುವ ಕಿರಣಗಳ ಎಣಿಕೆ ಒಮ್ಮೆಲೇ ಏರಿತೋ, ಸೂಚನೆ ಹೊರಟಿತು. ಏರಿಸಿದ್ದು ಸೂರ್ಯ ಇರಬಹುದು, ಮ್ಯಾಗ್ನೆಟಾರ್ ಎಂಬ ಭಾರೀ ಕಾಂತಶಕ್ತಿಯ ಸತ್ತ ನಕ್ಷತ್ರ ಇರಬಹುದು, ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಕಣಗಳಿರಬಹುದು. ಗುಡುಗಿನ ಮೋಡವೂ ಗಾಮಾ ಕಿರಣ ಚಿಮ್ಮಿಸುತ್ತದೆ. 1980ರ ದಶಕದಲ್ಲಂತೂ ಸೋವಿಯತ್ ಉಪಗ್ರಹಗಳೊಳಗಿನ ಅಣು ರಿಯಾಕ್ಟರ್‌ಗಳು ಅಮೆರಿಕದ ಸೋಲಾರ್ ಮ್ಯಾಕ್ಸ್ ಉಪಗ್ರಹಕ್ಕೆ ಕಾಟ ಕೊಟ್ಟಿದ್ದವು.

ಇದೆಲ್ಲ ಗೊತ್ತಿದ್ದೇ ಮೂಲ ಸೂಚನೆಯಲ್ಲಿ ಒಂದು ಸಾಲು ಇಟ್ಟಿದ್ದಾರೆ: ಇದು ಹೆಚ್ಚಾಗಿ ಏನಿರಬಹುದು, ನೂರಕ್ಕೆ ಎಷ್ಟು ನಂಬಬಹುದು, ಅದಲ್ಲದಿದ್ದರೆ ಮತ್ತೇನು. ಈ ಆ್ಯಪ್ ಆ ಸಾಲನ್ನೇ ನುಂಗಿಬಿಡುತ್ತದೆ. ನಮ್ಮೂರ ಆನೆ ವಾಟ್ಸಾಪ್ ಗುಂಪೇ ವಾಸಿ. ಅಲ್ಲಿ "ಲದ್ದಿ ಕಂಡೆ" ಬೇರೆ, "ಆನೆ ಕಂಡೆ" ಬೇರೆ.

ಜಾಗ ತೋರಿಸುವುದೂ ಹೀಗೇ. ಫರ್ಮಿ ಹೇಳುವ ದಿಕ್ಕು ಹಲವು ಡಿಗ್ರಿ ಆಚೀಚೆ ಆಗುವುದುಂಟು. ಹುಣ್ಣಿಮೆ ಚಂದ್ರನ ಅಗಲವೇ ಅರ್ಧ ಡಿಗ್ರಿ, ಇನ್ನು ನನ್ನ ಟೆಲಿಸ್ಕೋಪನ್ನು ಎಲ್ಲಿಗೆ ತಿರುಗಿಸಲಿ? ಇದೇ ಕೆಲಸ ಮಾಡುವ ಇನ್ನೊಂದು ಉಪಗ್ರಹ ಸ್ವಿಫ್ಟ್ ಅದಕ್ಕಿಂತ ಎಷ್ಟೋ ಪಾಲು ನಿಖರ. ಆ್ಯಪ್ ಎರಡಕ್ಕೂ ಒಂದೇ ಕೆಂಪು ಚುಕ್ಕಿ ಇಡುತ್ತದೆ.

ಸ್ವಿಫ್ಟ್ ತಪ್ಪುವುದೇ ಇಲ್ಲ ಅಂತಲ್ಲ. 2014ರ ಮೇ ಕೊನೆಯಲ್ಲಿ ನೆರೆಯ ಆಂಡ್ರೊಮೇಡಾ ಗೆಲಾಕ್ಸಿ ಕಡೆಯಿಂದ ಅದರ ಸೂಚನೆ ಬಂದು ಖಗೋಳ ವಿಜ್ಞಾನಿಗಳೆಲ್ಲ ಎದ್ದು ಕೂತಿದ್ದರು. ಮೊದಲೇ ಗೊತ್ತಿದ್ದ ಎಕ್ಸ್-ರೇ ಮೂಲವೊಂದರ ಹೊಳಪು ಲೆಕ್ಕದಲ್ಲಿ ಜಾಸ್ತಿ ಬಂದಿತ್ತು, ಅಷ್ಟೆ. ಕೆಲವೇ ಗಂಟೆಗಳಲ್ಲಿ ತಿದ್ದುಪಡಿಯೂ ಬಂತು. ಈ ಆ್ಯಪ್‌ನಲ್ಲಿ ತಿದ್ದುಪಡಿಗೆ ಸದ್ದೇ ಇಲ್ಲ, ಸುಮ್ನೆ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ.

ಐದಕ್ಕೆ ಎರಡು ಕೊಡುತ್ತೇನೆ. ಈಗ ಆ್ಯಪ್ ತೆಗೆದು, ಸ್ವಿಫ್ಟ್ ಸೂಚನೆ ಮಾತ್ರ ಜಿಸಿಎನ್‌ನಿಂದ ಇಮೇಲ್‌ಗೆ ತರಿಸಿಕೊಳ್ಳುತ್ತಿದ್ದೇನೆ. ಜೂನ್ ಬಂದರೆ ಅದೂ ಬಂದ್. ನಮ್ಮ ಮಳೆಗಾಲದಲ್ಲಿ ಎದುರಿನ ಸಿಲ್ವರ್ ಮರವೇ ಕಾಣುವುದಿಲ್ಲ.