ಸ್ಯಾಂಪ್ ಸರ್ವರ್‌ನಲ್ಲಿ ಡೈಲಾಗ್: ಲಿಸ್ಟೋ, ಇನ್‌ಪುಟ್ಟೋ?

ಸ್ಯಾಂಪ್ ಅಂದರೆ ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಟವನ್ನು ಆನ್‌ಲೈನ್‌ನಲ್ಲಿ ಹಲವರು ಸೇರಿ ಆಡಲು ಬಿಡುವ ಮಾಡ್. ಪಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದರ ಗೇಮ್‌ಮೋಡ್ (ಸರ್ವರ್‌ನ ಆಟ ನಡೆಸುವ ಸ್ಕ್ರಿಪ್ಟ್) ಬರೆಯುವಾಗ ಆಟಗಾರನನ್ನು ಏನಾದರೂ ಕೇಳಬೇಕಾದರೆ, ಪರದೆಯ ಮೇಲೆ ಡೈಲಾಗ್ ಪೆಟ್ಟಿಗೆ ತೋರಿಸುವ ಶೋಪ್ಲೇಯರ್‌ಡೈಲಾಗ್ ಫಂಕ್ಷನ್ ಇದೆ. ಪೆಟ್ಟಿಗೆಗೆ ಯಾವ ಸ್ಟೈಲ್ ಅನ್ನೋದೇ ತಲೆನೋವು, ಅಲ್ವಾ?

ಗನ್ ಅಂಗಡಿಯಂತೆ ಆಯ್ಕೆಗಳು ಮೊದಲೇ ಗೊತ್ತಿದ್ದರೆ ಲಿಸ್ಟ್ ಸಾಕು. ಆರಿಸಿದ ಸಾಲಿನ ಸಂಖ್ಯೆ ಬರುತ್ತದೆ, ಎಣಿಕೆ 0ಯಿಂದ ಶುರು. ಬೆಲೆಯನ್ನೂ ಪಕ್ಕದಲ್ಲೇ ತೋರಿಸಬೇಕಾ? ಕಾಲಮ್‌ಗಳಿರುವ ಟ್ಯಾಬ್‌ಲಿಸ್ಟ್ ಹಾಕಿ.

ಹಣದ ಮೊತ್ತ ಕೇಳಬೇಕಿದ್ದರೆ, ಆಟಗಾರನೇ ಟೈಪ್ ಮಾಡುವ ಇನ್‌ಪುಟ್ ಬಿಟ್ಟು ಗತಿಯಿಲ್ಲ. ಆದರೆ ಇಲ್ಲಿ ಕೆಲಸ ಜಾಸ್ತಿ. ಬರುವುದೆಲ್ಲ ಬರೀ ಅಕ್ಷರ. ಅದನ್ನು ಸಂಖ್ಯೆಯಾಗಿಸಲು ಸ್ಟ್ರ್‌ವ್ಯಾಲ್ ಫಂಕ್ಷನ್ ಹಾಕಿದರೆ ಸುಮ್ನೆ ಒತ್ತಿದ ಅಕ್ಷರಗಳೂ 0 ಆಗಿಬಿಡುತ್ತವೆ. -5000 ಎಂದು ಟೈಪ್ ಮಾಡಿ ಗೆಳೆಯನಿಗೆ ದುಡ್ಡು 'ಕಳಿಸುವ' ಕಿಲಾಡಿಗಳೂ ಇರುತ್ತಾರೆ. ನೀವು ತಡೆಯದಿದ್ದರೆ ಗೆಳೆಯನ ಜೇಬೇ ಖಾಲಿ!

ಲಾಗಿನ್‌ಗೆ ಪಾಸ್‌ವರ್ಡ್ ಸ್ಟೈಲ್. ಅದು ಪರದೆಯ ಮೇಲೆ ಅಕ್ಷರ ಮರೆಮಾಡುತ್ತದೆ, ಅಷ್ಟೇ. ಪಾಸ್‌ವರ್ಡ್ ಉಳಿಸುವ ಮುನ್ನ ಹ್ಯಾಶ್ ಮಾಡುವ (ಮತ್ತೆ ಓದಲಾಗದ ರೂಪಕ್ಕೆ ಬದಲಿಸುವ) ಕೆಲಸ ನಿಮ್ಮದೇ.