ಟೈಮ್ಸ್ ನ್ಯೂ ರೋಮನ್ ಬದಲಿಗೆ ಯಾವ ಫಾಂಟ್?

ತಂಗಿಯ ಪಿಎಚ್‌ಡಿ ಪ್ರಬಂಧ ತೊಗರಿ ಇಳುವರಿ ಮೇಲೆ. ಕಲಬುರಗಿಯಲ್ಲಿದ್ದು ಬೇರೆ ಇನ್ನೇನು ಬರೀತಾಳೆ ಹೇಳಿ. ಸಮೀಕರಣ ಜಾಸ್ತಿ ಇದೆ ಅಂತ ಲೇಟೆಕ್‌ನಲ್ಲೇ (ಗಣಿತ ಇರೋ ಬರಹವನ್ನು ಅಚ್ಚುಕಟ್ಟಾಗಿ ಜೋಡಿಸೋ ತಂತ್ರಾಂಶ) ಮಾಡೋಣ ಅಂದೆ. ಆದರೆ ನಿಯಮದ ಹಾಳೆಯಲ್ಲಿ ‘ಟೈಮ್ಸ್ ನ್ಯೂ ರೋಮನ್, 12 ಪಾಯಿಂಟ್’ ಅಂತಿದೆ. ಅದು ಮೊನೊಟೈಪ್ ಕಂಪನಿಯ ಸ್ವತ್ತು, ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇಲ್ಲ. ಹಾಗಾಗಿ ಒಂದೇ ಅಧ್ಯಾಯವನ್ನು ಮೂರು ಫಾಂಟಿನಲ್ಲಿ ಹಾಕಿ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಊಟದ ಮೇಜಿನ ಮೇಲೆ ಹರವಿಕೊಂಡು ನೋಡಿದೆವು.

ಮೊದಲು ಲಿಬರೇಶನ್ ಸೆರಿಫ್. 2007ರಲ್ಲಿ ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ಹೊರತಂದದ್ದು. ಅಕ್ಷರಗಳ ಅಗಲ ಟೈಮ್ಸ್‌ನಷ್ಟೇ ಇಟ್ಟಿದ್ದಾರೆ. ವರ್ಡ್ ಫೈಲನ್ನು ಪುಕ್ಕಟೆ ಸಿಗೋ ಲಿಬ್ರೆ ಆಫೀಸಿನಲ್ಲಿ ತೆರೆಯುವವರಿಗೆ ಇದೇ ಸಾಕು. ನಮಗೆ ಸಾಲಲಿಲ್ಲ, ಯಾಕೆಂದರೆ ಇದಕ್ಕೆ ಜೋಡಿಯಾಗಿ ಗಣಿತದ ಫಾಂಟ್ ಇಲ್ಲ. ಸಮೀಕರಣಗಳು ಲೇಟೆಕ್‌ನ ತೆಳ್ಳನೆ ಅಕ್ಷರದಲ್ಲೇ ಉಳಿದವು. ಸಾಲಿನ ನಡುವೆ ಒಂದು ಎಕ್ಸ್ ಬಂದರೆ ಅದೊಂದೇ ಉಪವಾಸ ಇದ್ದಂಗೆ ಕಾಣುತ್ತದೆ.

ಟೆಕ್ ಗೈರ್ ಟರ್ಮೀಸ್‌ನಲ್ಲಿ ಆ ತಾಪತ್ರಯ ಇಲ್ಲ. ಲೇಟೆಕ್ ಇರೋ ಟೆಕ್ ಲೈವ್ ಅನ್ನೋ ತಂತ್ರಾಂಶದ ಕಟ್ಟಿನ ಜೊತೆಗೇ ಬರುತ್ತದೆ, ಅದಕ್ಕೊಪ್ಪುವ ಗಣಿತದ ಫಾಂಟೂ ಇದೆ, ತಲೆಬರಹಕ್ಕೆ ಬೇಕಾಗುವ ಚಿಕ್ಕ ಕ್ಯಾಪಿಟಲ್ ಅಕ್ಷರಗಳೂ ಇವೆ. ಅಲ್ಲೊಂದು ಇಲ್ಲೊಂದು ಸಾಲು ಬೇರೆ ಕಡೆ ಮುರಿಯಿತು, ಪುಟಗಳ ಲೆಕ್ಕ ಮಾತ್ರ ಬದಲಾಗಲಿಲ್ಲ. ತಂಗಿ ಹಾಳೆ ಎತ್ತಿ ಹಿಡಿದು, “ಅಣ್ಣಾ, ಇದು ಟೈಮ್ಸೇ ಅದ ಅಲ್ಲಾ?” ಅಂದಳು. ಅಷ್ಟು ಸಾಕಿತ್ತು.

ನನ್ನ ಮನಸ್ಸು ಹೋದದ್ದು ಮಾತ್ರ ಸ್ಟಿಕ್ಸ್ ಟೂ ಮೇಲೆ! ಅಚ್ಚುಮೊಳೆ ಕಾಲದ 10 ಪಾಯಿಂಟ್ ಟೈಮ್ಸ್ ನೋಡಿ ಮಾಡಿದ್ದಂತೆ, ಅದಕ್ಕೇ ಇರಬೇಕು, ಅಡಿಟಿಪ್ಪಣಿಯ ಸಣ್ಣ ಅಕ್ಷರವೂ ಅಂಗಡಿಯ ಅಗ್ಗದ ಹಾಳೆಯಲ್ಲಿ ಕಪ್ಪಗೆ, ದುಂಡಗೆ ಬಂತು. ಆದರೆ ಅಗಲ ಸ್ವಲ್ಪ ಜಾಸ್ತಿ, ಅಧ್ಯಾಯ ಎರಡು ಪುಟ ಬೆಳೆಯಿತು. ನೋಡಿದ ಕೂಡಲೇ ಟೈಮ್ಸ್ ಅಲ್ಲ ಅಂತಲೂ ಗೊತ್ತಾಗುತ್ತದೆ. ನಿಯಮದ ಹಾಳೆ ಹಿಡಿದು ಕೂತವರ ಮುಂದೆ ಯಾಕೆ ಸುಮ್ನೆ ರಗಳೆ? ಸಲ್ಲಿಸುವ ಪ್ರತಿಗೆ ಟರ್ಮೀಸ್ ಅಂತ ತೀರ್ಮಾನ ಆಯ್ತು.

ಕನ್ನಡದ ಸಾರಾಂಶವೂ ಬೇಕಿತ್ತು. ಮೊದಲ ಸಲ ‘ವಿಶ್ವವಿದ್ಯಾಲಯ’ ಅನ್ನೋ ಪದದ ಒತ್ತುಗಳು ಕೆಳಗೆ ಕೂರದೆ ಬಿಡಿಬಿಡಿಯಾಗಿ ನಿಂತವು. ಫಾಂಟನ್ನು ಬೈದೆ. ತಪ್ಪು ನನ್ನದೇ, ಫಾಂಟ್ ಕರೆಯುವಾಗ ಲಿಪಿ ಕನ್ನಡ ಅಂತ ಹೇಳಿರಲಿಲ್ಲ. ಹೇಳಿದ ಮೇಲೆ ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ ಎರಡೂ ಫಾಂಟ್ ಸರಿಯಾದವು. ಟರ್ಮೀಸ್ ಪಕ್ಕಕ್ಕೆ ಟಿರೊ ಚೆಂದ ಹೊಂದುತ್ತದೆ, ಆದರೆ ಅದರಲ್ಲಿ ದಪ್ಪಕ್ಷರ ಇಲ್ಲ. ಅದಕ್ಕೇ ಸಾರಾಂಶಕ್ಕೆ ಟಿರೊ, ಅದರ ತಲೆಬರಹಕ್ಕೆ ನೋಟೊ ಬೋಲ್ಡ್. ಎರಡು ಬೆರೆಸಿದ್ದನ್ನು ಇಲ್ಲಿ ತನಕ ಯಾರೂ ಹಿಡಿದಿಲ್ಲ.