‘ಎಲ್ಲಾ ಪ್ಲಾಸ್ಟಿಕ್‌ಗೂ ಆಗುತ್ತೆ’ ಅಂದ ಗೋಂದು ನನ್ನ ಕಾರಿನ ನೆಲವನ್ನೇ ತಿಂದುಹಾಕಿತು

ಮೊದಲೇ ಹೇಳಿಬಿಡುತ್ತೇನೆ. ‘ಫ್ಲಾಕಿಂಗ್ ಸ್ಪೆಷಲ್’ ಅಂತ ಚೀಟಿ ಅಂಟಿಸಿ, ಒಳಗೆ ಏನಿದೆ ಅಂತ ಬರೆಯದೇ ಮಾರುವ ಗೋಂದು ತಗೋಬೇಡಿ. ಫ್ಲಾಕಿಂಗ್ ಅಂದರೆ ಗೋಂದಿನ ಮೇಲೆ ಸಣ್ಣ ಎಳೆಗಳ ಪುಡಿ ಉದುರಿಸಿ ಕಾರ್ಪೆಟ್‌ನ ಹಾಗೆ ಕಾಣಿಸುವುದು. ನಾನು ತಗೊಂಡೆ. ನಾನೇನು ಹೊಸಬನಲ್ಲ, ಪ್ಲಾಸ್ಟಿಕ್ ಮಾದರಿ ಕಾರುಗಳ ಎಷ್ಟೋ ಕಿಟ್ ಜೋಡಿಸಿದ್ದೇನೆ. ಅದಕ್ಕೇ ಹೊಟ್ಟೆ ಇನ್ನೂ ಜಾಸ್ತಿ ಉರಿಯುತ್ತಿದೆ.

1:24 ಅಳತೆಯ ಮಾದರಿ ಕಾರು, ಅಂದರೆ ನಿಜವಾದ ಕಾರು ಇದಕ್ಕಿಂತ 24 ಪಟ್ಟು ಉದ್ದ. ಸೀಟು, ಡ್ಯಾಶ್‌ಬೋರ್ಡ್, ಬಾಗಿಲಿನ ಒಳಭಾಗ ಎಲ್ಲದಕ್ಕೂ ಬಣ್ಣ ಆಗಿತ್ತು. ನೆಲದ ಕಾರ್ಪೆಟ್ ಒಂದೇ ಬಾಕಿ. ಪುಡಿ ಚೆನ್ನಾಗಿಯೇ ಇತ್ತು, ಅರ್ಧ ಮಿಲಿಮೀಟರ್ ನೈಲಾನ್ ಎಳೆ. 24ರಿಂದ ಗುಣಿಸಿದರೆ ನಿಜವಾದ ಕಾರಿನಲ್ಲಿ 12 ಮಿಲಿಮೀಟರ್ ಆಗುತ್ತದೆ. ಇದಕ್ಕಿಂತ ಉದ್ದವಾದರೆ ಕಾರಿನೊಳಗೆ ಹುಲ್ಲು ಬೆಳೆದ ಹಾಗೆ ಕಾಣುತ್ತದೆ.

ಇಷ್ಟು ದಿನ ಮರಗೆಲಸದ ಬಿಳಿ ಗೋಂದಿನಲ್ಲೇ ಮಾಡುತ್ತಿದ್ದೆ. ಒಂದೇ ಸಲ ಪೂರ್ತಿ ನೆಲಕ್ಕೆ ಬಳಿಯುವುದು ನನ್ನ ಕೆಟ್ಟ ಚಾಳಿ. ಪುಡಿ ಉದುರಿಸುವಷ್ಟರಲ್ಲಿ ಮೂಲೆಗಳು ಒಣಗಿ ಅಲ್ಲಲ್ಲಿ ಬೋಳು ಬೀಳುತ್ತಿತ್ತು. ಅಷ್ಟರಲ್ಲಿ ಈ ಬಾಟಲಿ ಕಣ್ಣಿಗೆ ಬಿತ್ತು. ನನ್ನ ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಸುಮ್ನೆ ತಗೊಳ್ಳಲಿಲ್ಲ, ಮಾರುವವನನ್ನು ಕೇಳಿಯೇ ತಗೊಂಡೆ.

“ಇದು ಪಾಲಿಸ್ಟೈರೀನ್‌ಗೆ ಆಗುತ್ತಾ?”

“ಎಲ್ಲಾ ಪ್ಲಾಸ್ಟಿಕ್‌ಗೂ ಆಗುತ್ತೆ ಸರ್, ನಾವೇ ಬಳಸ್ತೀವಿ.”

“ಒಳಗೆ ಥಿನ್ನರ್ ಏನಾದ್ರೂ ಇದೆಯಾ?”

“ಟೆನ್ಶನ್ ಬೇಡ ಸರ್.”

ಇದು ಉತ್ತರವೇ ಅಲ್ಲ, ಅಲ್ವಾ? ಆಗ ನನಗೆ ಹೊಳೆಯಲಿಲ್ಲ.

ಮುಚ್ಚಳ ತೆಗೆದ ಕೂಡಲೇ ಚಪ್ಪಲಿಯ ಅಟ್ಟೆ ಅಂಟಿಸುವ ಗೋಂದಿನ ಘಾಟು. ಮೂಗಿಗೆ ಗೊತ್ತಾಯಿತು, ಕೈ ಕೇಳಲಿಲ್ಲ. ಬಿಡಿಭಾಗ ಕತ್ತರಿಸಿಕೊಂಡ ಮೇಲೆ ಉಳಿಯುವ ಸ್ಪ್ರೂ ತುಂಡುಗಳು ಎದುರಿಗೇ ಬಿದ್ದಿದ್ದವು. ಒಂದರ ಮೇಲೆ ಒಂದು ಹನಿ ಹಾಕಿ ನೋಡಿದ್ದರೆ ಸಾಕಿತ್ತು. ಒಂದೇ ಒಂದು ಹನಿ!

ಬಳಿಯುವಾಗಲೇ ಬ್ರಷ್ ಎಳೆಯತೊಡಗಿತು. ಕೂದಲಿಗೆ ಬೂದು ಬಣ್ಣದ ನೂಲು ಅಂಟಿಕೊಂಡು ಬಂತು. ಅದು ಬಣ್ಣಕ್ಕೆ ಮೊದಲು ಬಳಿದಿದ್ದ ನನ್ನ ಪ್ರೈಮರ್, ಕರಗಿ ಬರುತ್ತಿತ್ತು. ನಾನು ಗೋಂದು ಗಟ್ಟಿಯಾಗಿದೆ ಅಂದುಕೊಂಡೆ. ಜಾಲರಿಯಿಂದ ಪುಡಿ ಉದುರಿಸಿದೆ. ಮೊದಲ ಐದು ನಿಮಿಷ, ನಿಜ ಹೇಳುತ್ತೇನೆ, ಅಂಥ ಕಾರ್ಪೆಟ್ ನಾನು ಯಾವತ್ತೂ ಮಾಡಿರಲಿಲ್ಲ. ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ‘ಬಿಳಿ ಗೋಂದು ಬಿಟ್ಟಾಕು’ ಅಂತ ಅವನಿಗೆ ನನ್ನ ಬುದ್ಧಿವಾದ ಬೇರೆ.

ಅರ್ಧ ಗಂಟೆಗೆ ಡ್ರೈವರ್ ಕಡೆಯ ಎಳೆಗಳು ಮಲಗಿಬಿಟ್ಟವು, ನೆನೆದ ನಾಯಿಯ ಕೂದಲಿನ ಹಾಗೆ. ಮಧ್ಯದ ಗೇರ್ ದಿಬ್ಬವನ್ನು ಬೆರಳಿನಿಂದ ಮುಟ್ಟಿದೆ. ಒಳಗೆ ಹೋಯಿತು. ಪ್ಲಾಸ್ಟಿಕ್ ಮೆತ್ತಗಾಗಿತ್ತು. ಬೆಳಗ್ಗೆ ನೋಡಿದರೆ ನೆಲ ಕೆಳಗೆ ಜೋತುಬಿದ್ದಿದೆ, ಪೆಡಲ್‌ಗಳು ಓರೆ, ದಿಬ್ಬದ ಮೇಲೆ ನನ್ನ ಬೆರಳಿನ ಗೆರೆಗಳು ಅಚ್ಚೊತ್ತಿದ ಹಾಗೆ. ಎಳೆಗಳು ಕರಗಿದ ಪ್ಲಾಸ್ಟಿಕ್‌ನಲ್ಲಿ ಹೂತು ಗಟ್ಟಿಯಾಗಿದ್ದವು. ಕೆರೆದರೂ ಬರಲಿಲ್ಲ.

ಇನ್ನು ಮಾರಿದವನ ಉತ್ತರಗಳು. ಮೊದಲು, “ಜಾಸ್ತಿ ಹಾಕಿದ್ದೀರಾ ಅನ್ಸುತ್ತೆ ಸರ್.” ಫೋಟೋ ಕಳಿಸಿದೆ. “ನಿಮ್ಮ ಪ್ಲಾಸ್ಟಿಕ್ ಕ್ವಾಲಿಟಿ ಸರಿ ಇಲ್ಲ.” ಎಲ್ಲಾ ಪ್ಲಾಸ್ಟಿಕ್‌ಗೂ ಆಗುತ್ತೆ ಅಂದವನೇ! ಆಮೇಲೆ, “ಪ್ರೈಮರ್ ಹಾಕಿದ್ರಾ?” ಹಾಕಿದ್ದೆ ಅಂದೆ. “ಅದಕ್ಕೇ ಸರ್, ಪ್ರೈಮರ್ ಮೇಲೆ ಹಾಕಬಾರದು.” ಹಾಕಿಲ್ಲ ಅಂದಿದ್ದರೆ ‘ಅದಕ್ಕೇ ಸರ್, ಹಾಕಬೇಕಿತ್ತು’ ಅನ್ನುತ್ತಿದ್ದ. ಬರೆದಿಟ್ಟುಕೊಳ್ಳಿ. ಕೊನೆಗೆ, “ಓಪನ್ ಮಾಡಿದ ಬಾಟಲಿ ವಾಪಸ್ ಇಲ್ಲ.” ಓಪನ್ ಮಾಡದೇ ಕೆಟ್ಟದ್ದು ಅಂತ ತಿಳಿಯುವುದು ಹೇಗೆ ಸ್ವಾಮಿ? ಅದಕ್ಕೆ ಉತ್ತರ ಬಂದಿಲ್ಲ.

ನಿಮಗೆ ಹೇಳುವುದು ಇಷ್ಟೇ. ಬಿಳಿ ಗೋಂದಿಗೆ ನಾಲ್ಕು ಹನಿ ನೀರು ಬೆರೆಸಿ, ಒಂದು ಕಾಲಿಡುವ ಜಾಗ ಮುಗಿಸಿ ಇನ್ನೊಂದಕ್ಕೆ ಹೋಗಿ. ಕೆಳಗೆ ಪುಡಿಯದ್ದೇ ಬಣ್ಣ ಬಳಿದಿರಲಿ, ಬೋಳು ಬಿದ್ದರೂ ಕಾಣುವುದಿಲ್ಲ. ಪುಡಿಯನ್ನು ಧಾರಾಳವಾಗಿ ಸುರಿದು, ಮೆಲ್ಲಗೆ ಒತ್ತಿ, ರಾತ್ರಿಯಿಡೀ ಬಿಡಿ. ಹೆಚ್ಚಾದದ್ದನ್ನು ಕಾಗದದ ಮೇಲೆ ಕೊಡವಿಕೊಂಡರೆ ಮತ್ತೆ ಬಳಸಬಹುದು. ಗೋಂದಿನ ಬದಲು ಅದೇ ಬಣ್ಣದ ಎನಾಮೆಲ್ ಪೇಂಟ್ ದಪ್ಪಗೆ ಬಳಿದು ಅದರ ಮೇಲೇ ಉದುರಿಸುವವರೂ ಇದ್ದಾರೆ. ಸೂಪರ್ ಗ್ಲೂ ಮಾತ್ರ ಬೇಡ. ಪುಡಿ ಬೀಳುವ ಮೊದಲೇ ಹಿಡಿದುಕೊಳ್ಳುತ್ತದೆ, ಅದರ ಆವಿಗೆ ಕಾರಿನ ಗಾಜು ಬೆಳ್ಳಗಾಗುತ್ತದೆ.

ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಹೊಸ ನೆಲ ಮಾಡುತ್ತಿದ್ದೇನೆ. ಗೇರ್ ದಿಬ್ಬ ಮಾತ್ರ ಮೊದಲಿನ ಹಾಗೆ ಬರುತ್ತಿಲ್ಲ. ನಿನ್ನೆ ಗೆಳೆಯ ಕೇಳಿದ, “ಕಾರ್ಪೆಟ್ ಒಣಗಿತಾ? ಆ ಗೋಂದಿನ ಹೆಸರು ಕಳಿಸು.” ಇನ್ನೂ ಉತ್ತರ ಕೊಟ್ಟಿಲ್ಲ.